ಬಲಕ್ಕೆ ಸುತ್ತಿದ ಟಗರು

ಲಾಡಿಹುಳುವಿನ ಪಾಠವನ್ನು ನಾನು ಎಷ್ಟು ವರ್ಷದಿಂದ ಮಾಡುತ್ತಿದ್ದೇನೋ ಲೆಕ್ಕವಿಟ್ಟಿಲ್ಲ. ಪೀಣ್ಯದ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಟೀಚರು. ಶಾಲೆಯ ಹಿಂದಿನ ಗೋಡೆಯಾಚೆ ಲೇತ್ ಮೆಷಿನ್ನುಗಳಿವೆ. ಅವುಗಳ ಸದ್ದಿನ ಮೇಲೆ ನನ್ನ ಸದ್ದು ಏರಬೇಕು. ಸಂಜೆಯ ಹೊತ್ತಿಗೆ ಗಂಟಲು ಬಿದ್ದುಹೋಗಿರುತ್ತದೆ. ಬೋರ್ಡಿನ ಮೇಲೆ ಒಂದು ನಾಯಿ ಬರೆಯುತ್ತೇನೆ, ಒಂದು ಕುರಿ ಬರೆಯುತ್ತೇನೆ, ನಡುವೆ ಹೋಗುವುದಕ್ಕೊಂದು ಬರುವುದಕ್ಕೊಂದು ಬಾಣ. ನಾನು ಬರೆದ ನಾಯಿಗೂ ಕುರಿಗೂ ವ್ಯತ್ಯಾಸವೇ ಇಲ್ಲವೆಂದು ಪ್ರತಿ ವರ್ಷ ಯಾರಾದರೂ ನಗುತ್ತಾರೆ. ಪ್ರತಿ ವರ್ಷ ನಾನು ಕೆಳಗೆ ಹೆಸರು ಬರೆಯುತ್ತೇನೆ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಅನ್ನುತ್ತಾರಲ್ಲ, ನಮ್ಮ ಕೆಲಸ ಅದೇ.

ಪುಸ್ತಕದಲ್ಲಿ ಪರಾವಲಂಬಿ, ಆತಿಥೇಯ ಎಂಬ ಮಾತುಗಳಿವೆ. ನಮ್ಮ ಮಕ್ಕಳಿಗೆ ಅವು ತಲೆಗೆ ಹತ್ತುವುದಿಲ್ಲ. ಅದಕ್ಕೇ ನಾನು ಬಾಡಿಗೆದಾರ, ಮನೆ ಮಾಲೀಕ ಎಂದು ಹೇಳಿಬಿಡುತ್ತೇನೆ. ಎಲ್ಲರೂ ಬಾಡಿಗೆ ಮನೆಯ ಮಕ್ಕಳೇ, ತಟ್ಟನೆ ತಿಳಿಯುತ್ತದೆ. ಕೆಲವು ಬಾಡಿಗೆದಾರರು ಮಾಲೀಕನ ಅನ್ನ ತಿಂದುಕೊಂಡು ಸುಮ್ಮನಿರುತ್ತಾರೆ. ಇನ್ನು ಕೆಲವರು ಅವನ ತಲೆಯನ್ನೇ ಹಿಡಿದು ತಮಗೆ ಬೇಕಾದ ಕಡೆ ನಡೆಸುತ್ತಾರೆ. ಮಿಡತೆಯ ಹೊಟ್ಟೆಯಲ್ಲಿ ತಂತಿಯಂಥ ಒಂದು ಹುಳು ಬೆಳೆಯುತ್ತದೆ. ಅದು ಮೊಟ್ಟೆಯಿಡಬೇಕಾದರೆ ನೀರು ಬೇಕು. ಈಜು ಬಾರದ ಮಿಡತೆ ಆಗ ತಾನಾಗಿ ಹೋಗಿ ನೀರಿಗೆ ಹಾರಿಕೊಳ್ಳುತ್ತದೆ, ಹುಳು ಹೊರಬಂದು ತನ್ನ ದಾರಿ ಹಿಡಿಯುತ್ತದೆ. ಇದನ್ನು ಹೇಳಿದ ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಮಿಡತೆಗೆ ತಾನೇ ಇಷ್ಟಪಟ್ಟು ಹಾರ್ತಾ ಇದೀನಿ ಅನ್ಸುತ್ತಾ?" ಎಂದು ಕೇಳಿದಳು. ಪೋರ್ಷನ್ ಮುಗಿದಿರಲಿಲ್ಲ, ತಲೆ ನೋಯುತ್ತಿತ್ತು. ಆಮೇಲೆ ಹೇಳ್ತೀನಿ ಕೂತ್ಕೋ ಎಂದೆ.

ನಮ್ಮ ಮನೆ ಮಾದನಾಯಕನಹಳ್ಳಿಯಲ್ಲಿ. ಮಾವನವರ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಈಗ ಗೋಡೌನು. ಉಳಿದಿರುವುದು ಮನೆ, ಅದರ ಪಕ್ಕಕ್ಕೆ ಶೀಟು ಹೊದಿಸಿದ ಬಾಡಿಗೆ ರೂಮುಗಳ ಸಾಲು, ಹಿತ್ತಲಲ್ಲಿ ಅತ್ತೆಯ ಕುರಿ ರೊಪ್ಪ. ಅತ್ತೆ ತವರಿನಲ್ಲಿ ಕುರಿ ಮೇಯಿಸಿಕೊಂಡೇ ಬೆಳೆದವರು. ಈಗಲೂ ಬೆಳಿಗ್ಗೆ ಗೋಡೌನುಗಳ ಕಾಂಪೌಂಡಿನ ಬುಡದಲ್ಲಿ, ಮಾರಾಟವಾಗದೆ ಉಳಿದ ಸೈಟುಗಳಲ್ಲಿ ಕುರಿ ಬಿಟ್ಟುಕೊಂಡು ಓಡಾಡುತ್ತಾರೆ. ಜೊತೆಗೊಂದು ಕರಿ ನಾಯಿ. ಲಾರಿಯವರು ಹಾರ್ನ್ ಒತ್ತಿದರೆ ಅತ್ತೆ ತಿರುಗಿಯೂ ನೋಡುವುದಿಲ್ಲ, ನಾಯಿ ಬೊಗಳಿ ಉತ್ತರ ಕೊಡುತ್ತದೆ. ಕುರಿ ಮಾರಿ ಆರಾಮಾಗಿ ಮನೇಲಿ ಕೂತ್ಕೋಬಾರ್ದಾ ಎಂದು ನಮ್ಮ ಯಜಮಾನರು ಹೇಳಿದಾಗಲೆಲ್ಲ, "ಕೂತ್ಕಂಡು ಏನ್ಲಾ ಮಾಡ್ಲಿ, ನಿನ್ ಮಕ ನೋಡ್ಲಾ?" ಎನ್ನುತ್ತಾರೆ.

ಆದರೆ ಅವರು ನೋಡುತ್ತಿದ್ದದ್ದು ಆ ಮುಖವನ್ನೇ. ಯಜಮಾನರು ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ಸೂಪರ್‌ವೈಸರು. ಒಂದು ದಿನ ಕೆಲಸದಲ್ಲಿರುವಾಗಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಸೇರಿಸಿ, ಸ್ಟೆಂಟ್ ಹಾಕಿಸಿಕೊಂಡು ಬಂದೆವು. ಬದುಕಿರುವ ತನಕ ಮಾತ್ರೆ ಬಿಡುವಂತಿಲ್ಲ ಎಂದು ಡಾಕ್ಟರು ನನ್ನನ್ನೇ ಪ್ರತ್ಯೇಕವಾಗಿ ಕರೆದು ಹೇಳಿದ್ದರು. ಮನೆಗೆ ಬಂದ ಮನುಷ್ಯ ಮೊದಲಿನ ಮನುಷ್ಯನಾಗಿರಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಮೆಟ್ಟಿಲನ್ನು ನೋಡುತ್ತಿದ್ದರು. ಊಟದ ತಟ್ಟೆಯ ಮುಂದೆ ಕೂತು ಎದೆಯ ಮೇಲೆ ಕೈಯಿಟ್ಟುಕೊಂಡು ಏನನ್ನೋ ಕೇಳಿಸಿಕೊಳ್ಳುತ್ತಿದ್ದರು. ನಗುವುದನ್ನು ಬಿಟ್ಟುಬಿಟ್ಟರು. ನಾನು ಶಾಲೆಯಿಂದ ಬಂದು ಅಡುಗೆ ಮಾಡಿ, ಅವರ ಮುಖ ನೋಡಿ, ಮಲಗಿ, ಎದ್ದು ಮತ್ತೆ ಬಸ್ಸು ಹತ್ತುತ್ತಿದ್ದೆ.

ಅವರು ಆಸ್ಪತ್ರೆಯಲ್ಲಿದ್ದಾಗಲೇ ಅತ್ತೆ ಹರಕೆ ಹೊತ್ತಿದ್ದರು. ಮನೆಯ ಹಿಂದೆ ಮಾರಮ್ಮನ ಗುಡಿಯಿದೆ. ಗುಡಿಯೆಂದರೆ ಆಳೆತ್ತರದ ಒಂದು ಕೋಣೆ. ಸುತ್ತಲೂ ಗೋಡೌನಿನ ಕಾಂಪೌಂಡು ಎದ್ದಿದೆ, ನಡುವೆ ಒಬ್ಬರು ಓಡಾಡುವಷ್ಟು ಓಣಿ ಬಿಟ್ಟಿದ್ದಾರೆ. ಅಲ್ಲಿ ನಿಂತು, ನನ್ನ ಮಗನನ್ನು ಎಬ್ಬಿಸಿ ನಡೆಸು ತಾಯಿ, ನಿನಗೆ ಟಗರು ಒಪ್ಪಿಸುತ್ತೇನೆ ಎಂದು ಕೇಳಿಕೊಂಡರಂತೆ. ಆಮೇಲೆ ಹುಟ್ಟಿದ ಗಂಡುಮರಿಗಳಲ್ಲಿ ಚೆಂದದ್ದೊಂದನ್ನು ಮೀಸಲು ಬಿಟ್ಟರು. ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದ ಮೇಲೆ ಒಪ್ಪಿಸುವುದು ಇವರ ಪದ್ಧತಿ. ಅಲ್ಲಿಯವರೆಗೆ ಅದಕ್ಕೆ ಗಾಯವಾಗಬಾರದು, ಕಿವಿ ಹರಿಯಬಾರದು, ಕೋಡು ಮುರಿಯಬಾರದು. ಊನವಿರುವುದನ್ನು ಅಮ್ಮ ಮುಟ್ಟುವುದಿಲ್ಲ. ಮೀಸಲು ಟಗರು ಸತ್ತರಂತೂ ಕೇಳುವುದೇ ಬೇಡ, ಯಾರ ಹೆಸರಿನಲ್ಲಿ ಬಿಟ್ಟಿತ್ತೋ ಅವರಿಗೇ ಕೇಡು ಎಂದು ನಂಬಿಕೆ. ಅತ್ತೆ ಆ ಟಗರಿಗೆ ಹಲಸಿನ ಸೊಪ್ಪನ್ನು ಬೇರೆಯಾಗಿ ತರುತ್ತಿದ್ದರು. ನನ್ನ ಮಕ್ಕಳನ್ನೂ ಅವರು ಇಷ್ಟು ಮುದ್ದು ಮಾಡಿ ಸಾಕಿರಲಿಲ್ಲ. ನಾನು ಅದನ್ನು ಅವರ ಎದುರಿಗೇ ಹೇಳಿದ್ದೇನೆ.

ಮಳೆಗಾಲ ಕಳೆದ ಮೇಲೆ ಆ ಟಗರು ಮಂದೆಯಿಂದ ಬೇರೆಯಾಗಿ ನಿಲ್ಲತೊಡಗಿತು. ಕುರಿ ಒಂಟಿಯಾಗಿ ನಿಲ್ಲುವ ಜಾತಿಯಲ್ಲ. ಇದು ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು, ಯಾರೋ ಕರೆದದ್ದನ್ನು ಆಲಿಸುವ ಹಾಗೆ ನಿಂತಿರುತ್ತಿತ್ತು. ಕೆಲವು ದಿನಗಳಲ್ಲಿ ನಿಂತಲ್ಲೇ ಬಲಕ್ಕೆ ತಿರುಗತೊಡಗಿತು. ಒಂದು ಮಂಗಳವಾರ ಸಂಜೆ ನಾನು ಬಸ್ಸಿಳಿದು ಬರುವಾಗ ಗುಡಿಯ ಹತ್ತಿರ ಜನ ಸೇರಿದ್ದರು. ಟಗರು ಓಣಿಯೊಳಗೆ ಹೊಕ್ಕು ಗುಡಿಯನ್ನು ಸುತ್ತುತ್ತಿತ್ತು. ಅದಕ್ಕೆ ಸದಾ ಬಲಕ್ಕೇ ತಿರುಗಬೇಕು, ಬಲಕ್ಕೆ ಗುಡಿಯ ಗೋಡೆ ಅಡ್ಡ. ಗೋಡೆಗೆ ಮೈಯುಜ್ಜಿಕೊಂಡು ನಡೆದರೆ ಆಗುವುದು ಪ್ರದಕ್ಷಿಣೆಯೇ. ವಾಲಿದ ತಲೆ ಗರ್ಭಗುಡಿಯ ಕಡೆಗೇ ಇತ್ತು. ದೇವಿಯ ಮುಖ ನೋಡುತ್ತಾ ನಡೆಯುತ್ತಿದೆ ಎಂದು ಯಾರೋ ಹೇಳಿದರು. ನೋಡುವವರಿಗೆ ಹಾಗೇ ಕಾಣುತ್ತಿತ್ತು.

ನಮ್ಮ ಗುಡಿಯ ಪೂಜಾರಪ್ಪ ಹಗಲು ಪಕ್ಕದ ಗೋಡೌನಿನಲ್ಲಿ ಸೆಕ್ಯುರಿಟಿ ಕೆಲಸ ಮಾಡುತ್ತಾರೆ. ಯೂನಿಫಾರ್ಮಿನಲ್ಲೇ ಓಡಿ ಬಂದು, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಕೈ ಮುಗಿದರು. "ಬಲಕ್ಕೇ ಸುತ್ತೈತೆ ನೋಡಿ. ಎಡಕ್ಕೆ ಸುತ್ತಿದ್ರೆ ಬ್ಯಾರೆ ಮಾತು. ಅಮ್ಮ ಒಪ್ಕಂಡವ್ಳೆ" ಎಂದು ಘೋಷಿಸಿದರು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮ ಪೂಜಾರಪ್ಪ ದೇವರು ಕೊಡದ್ದನ್ನೂ ಧಾರಾಳವಾಗಿ ಕೊಡುವವರು. ನನಗೆ ಮಾತ್ರ ಬೋರ್ಡಿನ ಮೇಲಿನ ಲಾಡಿಹುಳುವಿನ ಪಾಠ ನೆನಪಾಯಿತು. ಕುರಿಯ ಮಿದುಳಿನಲ್ಲಿ ಆ ಲಾಡಿಹುಳುವಿನ ನೀರಗುಳ್ಳೆ ಯಾವ ಪಕ್ಕ ಕೂತಿರುತ್ತದೋ ಸಾಮಾನ್ಯವಾಗಿ ಆ ಪಕ್ಕಕ್ಕೇ ಕುರಿ ಸುತ್ತುತ್ತದೆ. ಗುಳ್ಳೆ ಇನ್ನೊಂದು ಪಕ್ಕ ಕೂತಿದ್ದರೆ ನಮ್ಮ ಮನೆಗೆ ಶಾಪ ತಟ್ಟಿದೆ ಎಂದು ಇದೇ ಜನ ಹೇಳುತ್ತಿದ್ದರು.

ನಾನು ಆ ರಾತ್ರಿಯ ಊಟಕ್ಕೇ ಮಾತೆತ್ತಿದೆ. ಇದು ರೋಗ, ನಾಯಿಯ ಹೊಟ್ಟೆಯಿಂದ ಬರುವ ಹುಳು, ಡಾಕ್ಟರಿಗೆ ತೋರಿಸೋಣ ಎಂದೆ. ಅತ್ತೆ ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ. ಯಜಮಾನರು ಮಾತ್ರ ನನ್ನ ಕಡೆ ತಿರುಗಿ, "ನಿನ್ ಪಾಠ ಸ್ಕೂಲಲ್ಲೇ ಇಟ್ಕೊಳೇ. ಮನೇಲಿ ಬೇಡ" ಎಂದರು. ಅಷ್ಟು ಹೇಳಿ ನಕ್ಕರು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದರು, ನಾನು ಬಾಯಿ ಮುಚ್ಚಿಕೊಂಡೆ.

ಆದರೂ ಒಂದು ಶನಿವಾರ ಮಾಕಳಿ ಕಡೆಯಿಂದ ದನದ ಡಾಕ್ಟರನ್ನು ಕರೆಸಿದೆ. ಬೈಕಿನಲ್ಲಿ ಬಂದ ಆತ ಟಗರಿನ ತಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಒಂದು ಕಡೆ ಬುರುಡೆ ಮೆತ್ತಗಾಗಿತ್ತು. "ಸುತ್ತುರೋಗ ಮೇಡಂ, ಡೌಟೇ ಇಲ್ಲ. ಆಪರೇಷನ್ ಮಾಡಿ ಗುಳ್ಳೆ ತೆಗೀಬಹುದು, ಉಳೀಬಹುದು, ಉಳೀದೇನೂ ಇರಬಹುದು" ಎಂದರು. ಆಮೇಲೆ ಕರಿ ನಾಯಿಯ ಕಡೆ ನೋಡಿ, "ಕುರಿ ತಲೆಗಿಲೆ ಹಾಕ್ತೀರಾ ಇದಕ್ಕೆ?" ಎಂದು ಕೇಳಿದರು. ಇಲ್ಲ ಸಾರ್, ತಲೆಮಾಂಸ ನಾವೇ ಮಾಡ್ಕೊಂಡು ತಿಂತೀವಿ ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಅತ್ತೆ ದೂರದಲ್ಲಿ ನಿಂತು ಕೇಳಿಸಿಕೊಂಡು, "ಮೀಸಲು ಟಗರಿನ ಬುರುಡೆ ಕೊರೀತಾರಂತಾ? ನೋಡಿದ್ದಾಯ್ತಲ್ಲ, ಟೀ ಕುಡ್ದು ಒಲ್ಡಪ್ಪ" ಎಂದರು. ಆತ ಟೀ ಕುಡಿದು ಹೊರಟರು.

ನಾನು ಕೈಬಿಟ್ಟೆ. ಹಗಲೆಲ್ಲ ನೂರಾರು ಮಕ್ಕಳಿಗೆ ಹೇಳಿ ಬಂದ ಮೇಲೆ ಮನೆಯಲ್ಲೂ ಹೇಳುವ ಶಕ್ತಿ ನನಗಿರಲಿಲ್ಲ. ಬಾಡಿಗೆ ರೂಮಿನ ಒಡಿಶಾದ ಹುಡುಗರು ಟಗರಿನ ವಿಡಿಯೊ ಮಾಡಿ ಹಾಕಿದರು. ಅಪಾರ್ಟ್‌ಮೆಂಟಿನ ಹೆಂಗಸರು ಕಾರಿನಲ್ಲಿ ಬಂದು ನಿಂಬೆಹಣ್ಣು ಇಟ್ಟು ಹೋದರು. ಟಗರಿನ ಹಣೆಗೆ ಅರಿಸಿನ, ಕೊರಳಿಗೆ ಹಾರ. "ಅಕ್ಕ, ಸಕ್ಕತ್ ಪವರ್ ಇದೆ ಅಂತೆ ಇದಕ್ಕೆ, ಮುಟ್ಬಹುದಾ?" ಎಂದು ನನ್ನನ್ನು ಕೇಳುತ್ತಿದ್ದರು. ಮುಟ್ಟಿ, ಕೈ ತೊಳ್ಕೊಳ್ಳಿ ಎನ್ನುತ್ತಿದ್ದೆ. ಟಗರು ಯಾರನ್ನೂ ನೋಡುತ್ತಿರಲಿಲ್ಲ. ಅದರ ಎಡಗಣ್ಣು ಕಾಣುವುದು ನಿಂತುಹೋಗಿತ್ತು. ಆ ಕಡೆ ಬಾಳೆಹಣ್ಣು ಹಿಡಿದರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಮೈ ಇಳಿದು ಬೆನ್ನುಮೂಳೆ ಎದ್ದಿತ್ತು. ಕಾಲು ಸೋತು ಗೋಡೆಗೆ ಒರಗಿ ನಿಲ್ಲುವುದು, ಮತ್ತೆ ಹೊರಡುವುದು. ಅದನ್ನು ನೋಡಿದರೆ ನನಗೆ ನನ್ನದೇ ಕಾಲು ನೋಯುತ್ತಿತ್ತು.

ಯಜಮಾನರು ಮಾತ್ರ ಬದಲಾದರು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಗುಡಿಯ ಹತ್ತಿರ ಹೋಗಿ ಒಂದಷ್ಟು ಹೊತ್ತು ನಿಂತು ಬರುತ್ತಿದ್ದರು. ಮೆಟ್ಟಿಲನ್ನು ನೋಡುತ್ತಾ ನಿಲ್ಲುವುದು ಬಿಟ್ಟರು, ಹತ್ತಿದರು. ಮಗಳಿಗೆ ಫೋನ್ ಮಾಡಿ ತಮಾಷೆ ಮಾಡಿದರು. ನನಗೂ ಒಳಗೊಳಗೇ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಹೀಗಿರುವಾಗ ತಿಂಗಳ ಮಾತ್ರೆ ತರಲು ಹೊರಟವಳು, ಏನು ಉಳಿದಿದೆ ನೋಡೋಣವೆಂದು ಅವರ ಡ್ರಾಯರ್ ಎಳೆದೆ. ಹಿಂದಿನ ಸಲ ತಂದ ಸ್ಟ್ರಿಪ್ಪುಗಳು ಬಹುಪಾಲು ಹಾಗೇ ಇದ್ದವು. ಹೊರಗೆ ಜಗಲಿಯಲ್ಲಿ ಶೂ ಬಿಚ್ಚುತ್ತಿದ್ದ ಅವರ ಮುಂದೆ ತಂದು ಹಿಡಿದೆ.

"ರೀ, ಏನ್ರೀ ಇದು?"

"ಅದಾ? ಬಿಟ್ಟಿದೀನಿ. ಹೊಟ್ಟೆ ಉರಿಯುತ್ತೆ, ಸುಸ್ತಾಗುತ್ತೆ. ಅದು ಸುತ್ತೋಕೆ ಶುರು ಮಾಡಿದ್ಮೇಲೆ ನಾನು ಆರಾಮಾಗೇ ಇದೀನಲ್ಲ."

"ಅದು ಸುತ್ತಿದ್ರೆ ನಿಮ್ಮ ರಕ್ತ ಹೆಪ್ಪುಗಟ್ಟಲ್ವಾ?"

"ನೋಡೇ, ನಂಗೊತ್ತು ನೀನೇನಂತೀಯ ಅಂತ. ನಂಗೆ ಯಾರೂ ಹೇಳ್ಲಿಲ್ಲ, ನಾನೇ ಯೋಚ್ನೆ ಮಾಡಿ ಬಿಟ್ಟಿದ್ದು. ಮೈಗೆ ಬೇಡ ಅನ್ಸಿದ್ದು ಮೈಗೇ ಗೊತ್ತಾಗುತ್ತೆ."

ನಾನೇ ಯೋಚನೆ ಮಾಡಿ ಎಂದರಲ್ಲ, ಆಗ ನನಗೆ ಆ ಮುಂದಿನ ಬೆಂಚಿನ ಹುಡುಗಿಯ ನೆನಪಾಯಿತು. ಮೈಕ್ರಾನ್ ಲೆಕ್ಕದಲ್ಲಿ ಕಬ್ಬಿಣ ಅಳೆಯುವ ಮನುಷ್ಯ. ಅವರ ತಲೆಯಲ್ಲಿ ಯಾವ ಗುಳ್ಳೆಯೂ ಇರಲಿಲ್ಲ, ಇದ್ದದ್ದು ಟಗರಿನ ತಲೆಯಲ್ಲಿ. ಅಲ್ಲಿಂದಲೇ ಅದು ಇವರನ್ನೂ ನೀರಿನ ಕಡೆ ನಡೆಸುತ್ತಿತ್ತು. ನನಗೆ ಅಳು ಬಂತು, ಸಿಟ್ಟೂ ಬಂತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಂತೆ, ಊರ ಮಕ್ಕಳಿಗೆಲ್ಲ ಪಾಠ ಹೇಳುವ ನನ್ನ ಮನೆಯಲ್ಲೇ ಇದು ನಡೆದಿತ್ತು. ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಬಾಯಿಗೆ ತುರುಕಲು ಹೋದರೆ ಕೈ ತಳ್ಳಿದರು.

ಉಳಿದದ್ದು ಅತ್ತೆ ಒಬ್ಬರೇ. ಮಾರನೆಯ ಸಂಜೆ ಅವರು ರೊಪ್ಪದ ಬಾಗಿಲಲ್ಲಿ ಕೂತು ಸೊಪ್ಪು ಕಟ್ಟುತ್ತಿದ್ದರು. ಅಲ್ಲೇ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತೆ. ಸುತ್ತಿ ಬಳಸಿ ಹೇಳುವ ತಾಳ್ಮೆ ನನ್ನಲ್ಲಿರಲಿಲ್ಲ. "ಅತ್ತೆ, ಇವರು ಎದೆಯ ಮಾತ್ರೆ ಬಿಟ್ಟುಬಿಟ್ಟಿದ್ದಾರೆ. ಟಗರು ಸುತ್ತುತ್ತಾ ಇರೋದ್ರಿಂದ ಬೇಕಾಗಿಲ್ಲ ಅಂತಾರೆ" ಎಂದೆ.

ಅತ್ತೆಯ ಕೈ ನಿಂತಿತು. "ಎಂಗೆ ಬಿಟ್ಟ? ಯಾವತ್ತಿಂದ?"

"ತುಂಬಾ ದಿನವಾಗಿದೆ. ಹೀಗೇ ಬಿಟ್ಟರೆ ಮತ್ತೆ ಅಟ್ಯಾಕ್ ಆಗಬಹುದು ಅತ್ತೆ. ಈ ಸಲ ಆಸ್ಪತ್ರೆಗೆ ಹೋಗುವಷ್ಟು ಹೊತ್ತೂ ಸಿಗದೆ ಇರಬಹುದು."

ಗುಡಿಯ ಕಡೆಯಿಂದ ಟಗರಿನ ಕೊರಳ ಗಂಟೆ ಕೇಳುತ್ತಿತ್ತು, ಹತ್ತಿರ ಬರುವುದು, ದೂರ ಹೋಗುವುದು. ಆಮೇಲೆ ಅವರು ಸೊಪ್ಪಿನ ಕಡೆಯೇ ನೋಡುತ್ತಾ ಹೇಳಿದರು: "ಅದು ಸುತ್ತುರೋಗ ಅಂತ ನಂಗೆ ಮೊದಲ್ನೇ ದಿವ್ಸಾನೇ ಗೊತ್ತು ಕಣಮ್ಮ. ನಮ್ಮಪ್ಪನ ಮಂದೇಲೂ ಬತ್ತಿತ್ತು. ಇಲ್ಲೂ ಎಷ್ಟು ಕಳ್ಕಂಡಿಲ್ಲ."

ಇಷ್ಟು ದಿನ ನಾನು ತಿಳಿಯದವರಿಗೆ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. "ಮತ್ತೆ ಯಾಕೆ ಸುಮ್ಮನಿದ್ದಿರಿ?" ಎಂದು ಕೇಳಿದೆ.

"ಮೀಸಲು ಟಗರಿಗೇ ರೋಗ ಅಂತ ಯಾವ ಬಾಯಲ್ಲಿ ಏಳ್ಲಿ? ಪೂಜಾರಪ್ಪ ಬಲಕ್ಕೆ ಸುತ್ತೈತೆ, ಒಳ್ಳೇದಾಯ್ತು ಅಂದ. ಇರ್ಲಿ ಅಂದ್ಕಂಡೆ. ನಿನ್ ಗಂಡ ಅವತ್ತು ನಕ್ಕ, ನೀನೂ ನೋಡ್ದೆ. ಅದ್ನ ಎಂಗೆ ಕಿತ್ಕಳ್ಲಿ?"

ಕತ್ತಲಾಗುತ್ತಾ ಬಂದಿತ್ತು. ಕಟ್ಟಿದ ಸೊಪ್ಪನ್ನು ಕುರಿಗಳಿಗೆ ಹಾಕಿ, ಮಂಡಿ ಹಿಡಿದುಕೊಂಡು ಎದ್ದರು. ಒಳಗೆ ಹೋಗುವಾಗ, "ಭಾನುವಾರ ಮನೇಲೇ ಇರು ಅನ್ನು ಅವುನ್ಗೆ" ಎಂದರು.

ಭಾನುವಾರ ಬೆಳಿಗ್ಗೆ ಅತ್ತೆ ಕುರಿ ಕೊಯ್ಯುವವನನ್ನು ಕರೆಸಿದ್ದರು. ಗುಡಿಯ ಮುಂದೆ ಕಡಿಯಲು ಈಗ ಕಾನೂನು ಬಿಡುವುದಿಲ್ಲ. ಗುಡಿಯಲ್ಲಿ ತೀರ್ಥ ಹಾಕಿ, ಟಗರು ಮೈ ಒದರಿದರೆ ಅಮ್ಮ ಒಪ್ಪಿದಳೆಂದು ಹಿತ್ತಲಿಗೆ ತಂದು ಕೊಯ್ಯುವುದು ವಾಡಿಕೆ. ಅತ್ತೆ ಟಗರನ್ನು ಗುಡಿಯ ಕಡೆಗೇ ಒಯ್ಯಲಿಲ್ಲ. ಅದರ ಕೊರಳ ಹಾರ ತೆಗೆದು, ಹಣೆಯ ಅರಿಸಿನವನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಪೂಜಾರಪ್ಪ ಓಡಿ ಬಂದರು. "ಏನಮ್ಮಾ ಇದು, ಇನ್ನೂ ಹಲ್ಲು ಬಂದಿಲ್ಲ, ತೀರ್ಥ ಹಾಕಿಲ್ಲ. ಹರಕೆ ಏನಾಗ್ಬೇಕು?"

"ಹರಕೆ ಏಳ್ಕಂಡೋಳು ನಾನು. ಅಮ್ಮ ಮುನಿಸ್ಕಂಡ್ರೆ ನನ್ ಮ್ಯಾಲೆ ಮುನಿಸ್ಕಳ್ಳಿ. ನನ್ ಮಗನ ಎಸ್ರು ಇನ್ಮ್ಯಾಕೆ ಇದ್ರಲ್ಲಿಲ್ಲ" ಎಂದರು ಅತ್ತೆ. ಅವರ ದನಿ ಏರಲಿಲ್ಲ. ಪೂಜಾರಪ್ಪ ಹಿಂದೆ ಸರಿದರು. ಯಜಮಾನರು ಅಮ್ಮನ ಕೈ ಹಿಡಿದು ಬೇಡ ಎಂದರು, ಅವರ ತುಟಿ ಬಿಳಚಿಕೊಂಡಿತ್ತು. ನನಗೆ ಆ ಕ್ಷಣ ಭಯವಾಯಿತು, ಈ ಗಾಬರಿಗೇ ಎದೆ ನಿಂತುಹೋದರೆ ಎಂದು. ಅತ್ತೆ ಕೈ ಬಿಡಿಸಿಕೊಂಡರು. ಅಲ್ಲಿ ಕೂತ್ಕೋ ಎಂದು ಕಲ್ಲು ತೋರಿಸಿದರು.

ಎಲ್ಲ ಮುಗಿದ ಮೇಲೆ ಕೊಯ್ಯುವವನು ಅತ್ತೆ ಹೇಳಿದಂತೆ ತಲೆಯನ್ನು ಎರಡು ಹೋಳು ಮಾಡಿದ. ಬಲಭಾಗದಲ್ಲಿ, ಮಿದುಳನ್ನು ಪಕ್ಕಕ್ಕೆ ಒತ್ತಿಕೊಂಡು, ಕೋಳಿಮೊಟ್ಟೆಯಷ್ಟು ದೊಡ್ಡ ನೀರಗುಳ್ಳೆ. ತೆಳುವಾದ ಪೊರೆ, ಒಳಗೆ ತಿಳಿನೀರು, ಪೊರೆಗೆ ಅಂಟಿಕೊಂಡು ಅಕ್ಕಿನುಚ್ಚಿನಂಥ ಬಿಳಿ ಕಾಳುಗಳು. ಒಂದೊಂದು ಕಾಳೂ ಒಂದೊಂದು ಹುಳುವಿನ ತಲೆ. ಬೋರ್ಡಿನ ಮೇಲೆ ವರ್ಷಾನುಗಟ್ಟಲೆ ಬರೆದವಳು ನಾನು, ಕಣ್ಣಾರೆ ನೋಡಿದ್ದು ಅದೇ ಮೊದಲು. ಅತ್ತೆ ಅದನ್ನು ಮುತ್ತುಗದ ಎಲೆಯ ಮೇಲೆ ಇಡಿಸಿ ಮಗನ ಮುಂದೆ ಹಿಡಿದರು.

"ನೋಡ್ಲಾ. ಇದೇ ನಿನ್ನ ಸುತ್ತಿಸ್ತಿದ್ದುದ್ದು. ಅಮ್ಮ ಅಲ್ಲ, ಯಾರೂ ಅಲ್ಲ. ಈಗ ಓಗಿ ಮಾತ್ರೆ ತಿನ್ನು."

ಯಜಮಾನರು ನೋಡಿದರು. ಅವರ ಮುಖದಲ್ಲಿ ಹಳೆಯ ಭಯ ಮತ್ತೆ ಬಂದು ಕೂತದ್ದು ನನಗೆ ಕಾಣಿಸಿತು. ಅತ್ತೆಗೂ ಕಾಣಿಸಿರಬೇಕು. ಆದರೆ ಹಿಡಿದ ಎಲೆಯನ್ನು ಇಳಿಸಲಿಲ್ಲ. ಯಜಮಾನರು ಎದ್ದು ಒಳಗೆ ಹೋದರು. ಡ್ರಾಯರ್ ಎಳೆದ ಸದ್ದು, ನಲ್ಲಿಯ ಸದ್ದು ಕೇಳಿಸಿತು.

ನಾನು ತಿರುಗುವಷ್ಟರಲ್ಲಿ ಅತ್ತೆ ತಲೆಯ ಹೋಳುಗಳನ್ನು ಬುಟ್ಟಿಗೆ ಹಾಕಿಕೊಂಡು ಹಿತ್ತಲ ಕೊನೆಗೆ ನಡೆದಿದ್ದರು. ಕರಿ ನಾಯಿ ಅಲ್ಲೊಂದು ಜಾಗದಲ್ಲಿ ಆಗಲೇ ಹೋಗಿ ಕೂತಿತ್ತು, ಬಾಲದಿಂದ ನೆಲ ಗುಡಿಸುತ್ತಾ. ತನ್ನ ಪಾಲು ಎಲ್ಲಿ ಸಿಗುತ್ತದೆಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

"ಅತ್ತೆ, ಅದಕ್ಕೆ ಹಾಕಬೇಡಿ!" ಎಂದು ಕೂಗಿದೆ.

"ಸುತ್ತಿದ್ ತಲೆ ನಾವ್ ತಿನ್ನಂಗಿಲ್ಲ ಕಣಮ್ಮ. ತಿಂದ್ರೆ ನಮ್ಗೂ ತಲೆ ಸುತ್ತುತ್ತೆ. ಕಾಯೋ ನಾಯಿಗೇ ಆಕೋದು. ನಮ್ಮಪ್ಪನೂ ಅಂಗೇ ಮಾಡ್ತಿದ್ದ."

ಚೆನ್ನಾಗಿರುವ ತಲೆ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಸುತ್ತಿದ ತಲೆ ನಾಯಿಗೆ ಹೋಗುತ್ತಿತ್ತು. ನಾನು ಶಾಲೆಯಲ್ಲಿರುವ ಹೊತ್ತಿಗೆ ನಡೆಯುತ್ತಿದ್ದ ಕೆಲಸವದು, ಇಷ್ಟು ವರ್ಷದಲ್ಲಿ ಕಣ್ಣಿಗೇ ಬಿದ್ದಿರಲಿಲ್ಲ. ಮೈಲಿಗೆಯೆಂದು ನಾವು ದೂರವಿಟ್ಟು, ಜೋಪಾನವಾಗಿ ಒಯ್ದು, ಹುಳು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೇ ತಲುಪಿಸುತ್ತಿದ್ದೆವು. ಓಡಿಹೋಗಿ ಬುಟ್ಟಿಯನ್ನು ಹಿಡಿದುಕೊಂಡೇ ಅತ್ತೆಗೆ ಹೇಳಿದೆ: ಈ ಬಿಳಿ ಕಾಳುಗಳು ನಾಯಿಯ ಹೊಟ್ಟೆಯಲ್ಲಿ ಹುಳುವಾಗುತ್ತವೆ, ನಾಯಿ ಹೇತ ಹುಲ್ಲಿನ ಮೇಲೆ ಅದರ ಮೊಟ್ಟೆ, ಆ ಹುಲ್ಲು ಮೇಯ್ದ ಕುರಿಯ ತಲೆಗೆ ಮತ್ತೆ ಅದೇ. ಬೋರ್ಡಿಲ್ಲ, ಬಾಣವಿಲ್ಲ. ನನ್ನ ಜೀವನದಲ್ಲಿ ಅಷ್ಟು ಕಡಿಮೆ ಮಾತಿನಲ್ಲಿ ನಾನು ಪಾಠ ಮಾಡಿದ್ದಿಲ್ಲ.

ಅತ್ತೆ ನಾಯಿಯನ್ನು ನೋಡಿದರು, ಬುಟ್ಟಿಯನ್ನು ನೋಡಿದರು. "ಅಂದ್ರೆ ನಾನೇ ತಿನ್ನಿಸ್ದಂಗಾಯ್ತಲ್ಲ" ಎಂದರು. ಆಮೇಲೆ, "ಮೀಸಲು ಟಗರಿಗೂ ನಾನೇ" ಎಂದರು. ಇಬ್ಬರೂ ಸೇರಿ ತಲೆಯನ್ನು ಸೌದೆಯಿಟ್ಟು ಸುಟ್ಟೆವು, ಉಳಿದದ್ದನ್ನು ಗುಂಡಿ ತೋಡಿ ಮುಚ್ಚಿದೆವು. ನಾಯಿ ಹೊಗೆಯ ಪಕ್ಕದಲ್ಲೇ ಕೂತು ಕಾಯುತ್ತಿತ್ತು. "ಇಲ್ಲ ಕಣೋ, ಇನ್ಮ್ಯಾಕೆ ಇಲ್ಲ" ಎಂದು ಅತ್ತೆ ಅದರ ತಲೆ ಸವರಲು ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡರು.

ಈಗ ದಿನಾ ಸಂಜೆ ಊಟಕ್ಕೆ ಮುಂಚೆ ಅತ್ತೆ ಮಗನ ಮುಂದೆ ನಿಂತು ಮಾತ್ರೆ ನುಂಗಿಸುತ್ತಾರೆ, ಬಾಯಿ ಬಿಡ್ಲಾ ಎಂದು ನಾಲಿಗೆಯ ಕೆಳಗೂ ನೋಡುತ್ತಾರೆ. ದನದ ಡಾಕ್ಟರು ಕೊಟ್ಟ ಹುಳುವಿನ ಮಾತ್ರೆಯನ್ನು ಆಗಾಗ ಮುದ್ದೆಯಲ್ಲಿಟ್ಟು ನಾಯಿಗೂ ಕೊಡುತ್ತಾರೆ. ನಾಯಿ ಮುದ್ದೆ ತಿಂದು ಮಾತ್ರೆ ಉಗುಳುತ್ತದೆ, ಮತ್ತೆ ತುರುಕುತ್ತಾರೆ. ಇಬ್ಬರಲ್ಲಿ ಮಗನೇ ವಾಸಿ. ಆದರೆ ಯಜಮಾನರು ನಗುವುದನ್ನು ಮತ್ತೆ ಬಿಟ್ಟಿದ್ದಾರೆ, ಮೆಟ್ಟಿಲ ಬುಡದಲ್ಲಿ ಮತ್ತೆ ನಿಲ್ಲುತ್ತಾರೆ. ಕಾಂಪೌಂಡಿನ ಬುಡದ ಹುಲ್ಲಿನಲ್ಲಿ ಇನ್ನೂ ಎಷ್ಟು ಮೊಟ್ಟೆ ಬಿದ್ದಿವೆಯೋ ಯಾರಿಗೂ ತಿಳಿಯದು. ಯಾವುದಾದರೂ ಮರಿ ಒಂಟಿಯಾಗಿ ನಿಂತರೆ ನಾವಿಬ್ಬರೂ ಕೆಲಸ ಬಿಟ್ಟು ಅದನ್ನೇ ನೋಡುತ್ತೇವೆ.

ಟಗರು ಹೋದ ಮೇಲೆ ಗುಡಿಗೆ ಬರುವ ಜನ ನಿಂತರು. ಮೊನ್ನೆ ಮಂಗಳವಾರ ಸಂಜೆ ಬಟ್ಟೆ ತೆಗೆಯಲು ಮಹಡಿ ಹತ್ತಿದಾಗ ಗುಡಿಯ ಓಣಿಯಲ್ಲಿ ಏನೋ ಅಲ್ಲಾಡಿದಂತಾಯಿತು. ಬಗ್ಗಿ ನೋಡಿದೆ. ಅತ್ತೆ. ಬಲಗೈಯನ್ನು ಗುಡಿಯ ಗೋಡೆಗೆ ಊರಿಕೊಂಡು, ನೋಯುವ ಮಂಡಿಯನ್ನು ಎಳೆದುಕೊಂಡು, ಟಗರು ಉಜ್ಜಿ ಉಜ್ಜಿ ನುಣುಪು ಮಾಡಿದ್ದ ಅದೇ ಗೋಡೆಯ ಪಕ್ಕ ಸುತ್ತುತ್ತಿದ್ದರು. ಸುಸ್ತಾದಾಗ ಗೋಡೆಗೆ ಒರಗಿ ನಿಲ್ಲುವುದು, ಮತ್ತೆ ಹೊರಡುವುದು. ಸಾಕು ಬನ್ನಿ ಅತ್ತೆ ಎಂದು ಕರೆಯಲು ಬಾಯಿ ತೆರೆದವಳು ಸುಮ್ಮನಾದೆ. ಅವರ ತಲೆಯಲ್ಲಿ ಯಾವ ಹುಳುವೂ ಇಲ್ಲ. ಕೆಳಗೆ ಜಗಲಿಯಲ್ಲಿ ಶೂ ಬಿಚ್ಚುತ್ತಾ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದ ಮಗನೊಬ್ಬನೇ ಆ ತಲೆಯಲ್ಲಿರುವುದು.